ಹಳೆಯ ಗೋಣಿ, ಹೊಸ ಸಿಂಗಾರ

ಇಂಗ್ಲಿಷಿನ 'ಗನ್ನಿ' ಎಂಬ ಪದದ ಬೇರು ನಮ್ಮ ಭಾಷೆಗಳ 'ಗೋಣಿ'ಯಲ್ಲಿದೆ. ತಮಿಳಿನಲ್ಲೂ ಅದು ಕೋಣಿಯೇ. ಹಾಗೆ ಹೊರಹೋದ ಗೋಣಿ ಈಗ 'ಹೆಸ್ಸಿಯನ್' ಎಂಬ ಬಿರುದು ಹೊತ್ತು ಮರಳಿ ಬಂದಿದೆ. ದಿಂಬಿನ ಗವಸು, ಕಿಟಕಿಯ ಪರದೆ, ಊಟದ ಮೇಜಿನ ಹಾಸು, ಎಲ್ಲೆಲ್ಲೂ ಅದೇ. ಹಳೆಯ ವಸ್ತುವಿಗೆ ಮರುಜನ್ಮ ದೊರೆಯುವುದು ಸಂತೋಷದ ಸಂಗತಿ. ಆದರೆ ಆ ವಸ್ತು ನಿಜವಾಗಿಯೂ ಹಳೆಯದೇ ಎಂಬ ಪ್ರಶ್ನೆಯನ್ನು ನಾವು ಕೇಳಿಕೊಳ್ಳಬೇಕು.

ಎಳುಂಬೂರಿನ ವಸ್ತುಸಂಗ್ರಹಾಲಯದ ಮುಖ್ಯಸ್ಥನಾಗಿದ್ದ ಎಡ್ಗರ್ ಥರ್ಸ್ಟನ್, ದಕ್ಷಿಣ ಭಾರತದ ಜಾತಿಗಳನ್ನು ಕುರಿತು 1909ರಲ್ಲಿ ಪ್ರಕಟಿಸಿದ ಏಳು ಸಂಪುಟಗಳಲ್ಲಿ ಮೈಸೂರು ಸೀಮೆಯ ಗೋಣಿಗರನ್ನು ಹೆಸರಿಸುತ್ತಾನೆ. ಚೀಲ ನೇಯುವುದೂ ಧಾನ್ಯದ ವ್ಯಾಪಾರವೂ ಅವರ ಕಸುಬು. ಬಂಗಾಳದ ಗಿರಣಿಗಳ ಸೆಣಬು ಎಲ್ಲೆಡೆ ಹರಡುವ ಮೊದಲು ನಮ್ಮ ಕಡೆಯ ಗೋಣಿಗೆ ಒದಗುತ್ತಿದ್ದುದು ಅಪ್ಸೆಣಬಿನ ನಾರು. ಅಂಥ ಚೀಲ ಧಾನ್ಯ ಹೊತ್ತು ಸವೆದ ಮೇಲೆ ಕಾಲೊರಸಾಗುತ್ತಿತ್ತು, ಮಳೆಗಾಲದ ಕೊಪ್ಪೆಯಾಗುತ್ತಿತ್ತು, ಚಳಿಯಲ್ಲಿ ಕರುವಿನ ಹೊದಿಕೆಯಾಗುತ್ತಿತ್ತು. ಇದನ್ನು ಯಾರೂ ಕಲೆ ಎನ್ನಲಿಲ್ಲ. ನೆಂಟರು ಬಂದಾಗ ಗೋಣಿಯ ಕಾಲೊರಸನ್ನು ಹಿತ್ತಿಲಿಗೆ ಸರಿಸುವ ಮನೆಗಳೇ ಹೆಚ್ಚು. ಅದು ಬಡತನದ ಗುರುತಾಗಿತ್ತು. ಈಗ ಅದೇ ಬಟ್ಟೆಯನ್ನು ಪಡಸಾಲೆಯಲ್ಲಿ ಹರಡಿ ನೆಂಟರಿಗೆ ತೋರಿಸುತ್ತೇವೆ.

ಇಂದು ಗೋಣಿ ಎಲ್ಲಿದೆ? ಧಾನ್ಯವನ್ನು ಸೆಣಬಿನ ಚೀಲದಲ್ಲೇ ತುಂಬಬೇಕೆಂಬ ಕೇಂದ್ರದ ಕಾಯಿದೆ 1987ರಿಂದ ಇದೆ. ಸರಕಾರ ಕೊಳ್ಳುವ ಅಕ್ಕಿ, ಗೋಧಿ 50 ಕಿಲೋ ಗೋಣಿಗಳಲ್ಲಿ ಪಡಿತರದ ದಾರಿ ಹಿಡಿಯುತ್ತವೆ. ತ್ರಿಪ್ಲಿಕೇನಿನ ಅಂಗಡಿಯಿಂದ ನಮ್ಮಂಥವರ ಮನೆಗೆ ಬರುವುದು ಬಣ್ಣಬಣ್ಣದ ಪ್ಲಾಸ್ಟಿಕ್ ಹೆಣಿಗೆಯ 25 ಕಿಲೋ ಚೀಲ. ಆದ್ದರಿಂದ ನಮ್ಮಲ್ಲಿ ಹಲವರು ಹೊಸ ಗೋಣಿಬಟ್ಟೆಯನ್ನು ಗಜದ ಲೆಕ್ಕದಲ್ಲಿ ಕೊಂಡು, ಅದು ಹಳತಾಗಿ ಕಾಣಲೆಂದು ಮಾಸಲು ಅಕ್ಷರಗಳ ಮುದ್ರೆಯೊತ್ತಿಸಿ, ಮರುಬಳಕೆ ಎನ್ನುತ್ತೇವೆ. ಇದನ್ನು ಖರೀದಿ ಎನ್ನುವುದೇ ಪ್ರಾಮಾಣಿಕತೆ.

ನಿಜವಾದ ಹಳೆಯ ಗೋಣಿ ದೊರೆತರೆ ಖಂಡಿತ ಹೊಲಿಯೋಣ. ರಸಗೊಬ್ಬರ, ಕೀಟನಾಶಕ ಕಂಡ ಚೀಲ ಬೇಡ. ಧೂಳು ಕೊಡವಿ, ತಣ್ಣೀರಿನಲ್ಲಿ ಒಗೆದು, ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಬೇಕು. ಕತ್ತರಿಸಿದೊಡನೆ ಅಂಚಿನ ಎಳೆ ಬಿಚ್ಚುವುದರಿಂದ ಮೊದಲೇ ಮಡಚಿ ಹೊಲಿಯಬೇಕು. ಒಳಗೆ ಹಳೆಯ ಪಂಚೆಯದೋ ಸೀರೆಯದೋ ಅಸ್ತರಿಯಿದ್ದರೆ ಮೈಗೆ ಚುಚ್ಚದು. ದಬ್ಬಳ, ಹುರಿ ಇದ್ದರೆ ಸಾಕು. ಕಡಲ ತೇವ ಸುಳಿಯುವ ಈ ಊರಿನಲ್ಲಿ ಸೆಣಬು ಬೇಗ ಬೂಷ್ಟು ಹಿಡಿಯುತ್ತದೆ. ಆಗಾಗ ಬಿಸಿಲು ಕಾಣಿಸಬೇಕು.

ಗೋಣಿ ಸಿಗದವರು ಕೊರಗಬೇಕಾಗಿಲ್ಲ. ನಮ್ಮ ಹಿರಿಯರು ಗೋಣಿಯನ್ನು ಅದರ ಅಂದಕ್ಕೆ ಆರಿಸಿಕೊಂಡವರಲ್ಲ. ಮನೆಯಲ್ಲಿ ಏನು ಮಿಕ್ಕಿತೋ ಅದರಿಂದ ಕೆಲಸ ತೆಗೆದರು. ನಮ್ಮ ಮನೆಗಳಲ್ಲಿ ಮಿಗುವುದು ಪ್ಲಾಸ್ಟಿಕ್ ಅಕ್ಕಿಚೀಲ. ಅದಕ್ಕೆ ಹಳ್ಳಿಯ ನೆನಪಿನ ಮೆರುಗಿಲ್ಲ, ಮಣ್ಣಿನಲ್ಲಿ ಕರಗುವ ಗುಣವೂ ಇಲ್ಲ. ಆ ಕಾರಣಕ್ಕೇ ಅದರ ಬಾಳಿಕೆಯನ್ನು ಹೆಚ್ಚಿಸುವುದು ಹೆಚ್ಚು ಅಗತ್ಯ. ಹಿಡಿ ಹೊಲಿದರೆ ಅದು ವರ್ಷಗಟ್ಟಲೆ ತರಕಾರಿ ತರುವ ಚೀಲ. ಹಳೆಯ ಸೀರೆಯ ಗವಸಿನೊಳಗೆ ಸೇರಿದರೆ ಕೂರುವ ಹಾಸು. ನೋಡಲು ಸಾಧಾರಣವಾದರೂ, ಗೋಣಿಯ ಪರಂಪರೆಗೆ ಹೊಸ ಹೆಸ್ಸಿಯನ್ ಪರದೆಗಿಂತ ಈ ಚೀಲವೇ ಹತ್ತಿರದ ವಾರಸುದಾರ.