ಸರ್ವರ್ ತಾನಾಗಿ ಬೀಳುವುದಿಲ್ಲ

"ಸರ್ವರ್ ಇಲ್ಲ, ನಾಳೆ ಬನ್ನಿ."

ಪಡಿತರ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಲು ನಿಂತವರಿಗೆ, ನಾಡಕಚೇರಿಯಲ್ಲಿ ಜಾತಿ-ಆದಾಯ ಪತ್ರಕ್ಕೆ ಕಾದವರಿಗೆ, ಒಂದು ದಿನದ ಕೂಲಿ ಬಿಟ್ಟು ಪಹಣಿ ತೆಗೆಸಲು ಬಂದವರಿಗೆ ಈ ಮಾತು ಹೊಸದಲ್ಲ. ಹೇಳುವವರು ಮಳೆ ಬಂತು ಅನ್ನುವ ಹಾಗೆ ಹೇಳುತ್ತಾರೆ. ಕೇಳಿದವರು ಕೊಡೆ ಇಲ್ಲದವರ ಹಾಗೆ ಸುಮ್ಮನೆ ವಾಪಸ್ ಹೋಗುತ್ತಾರೆ. ಮಳೆಯನ್ನು ಯಾರು ತಾನೇ ಬೈಯುತ್ತಾರೆ?

ಈ ಸುಳ್ಳನ್ನು ನಾವೂ ಹೇಳಿದ್ದೇವೆ. ಕಳೆದ ವರ್ಷ ನಮ್ಮ ತಾಣ ಒಂದು ವಾರ ಸರಿಯಾಗಿ ತೆರೆಯಲಿಲ್ಲ. ವಾಟ್ಸಾಪ್ ಗುಂಪುಗಳಲ್ಲಿ "ಸರ್ವರ್ ಸಮಸ್ಯೆ, ದಯವಿಟ್ಟು ಸಹಕರಿಸಿ" ಅಂತ ಹಾಕಿದೆವು. ಸರ್ವರ್‌ಗೆ ಏನೂ ಆಗಿರಲಿಲ್ಲ. ಆದದ್ದೆಲ್ಲ ನಮ್ಮ ಕೈಯಿಂದಲೇ ಆಗಿತ್ತು.

ಹಳೇ ಸರ್ವರ್ ನಿಧಾನ ಅಂತ ಕ್ಲೌಡ್‌ಗೆ ಹೋಗಲು ಹೊರಟೆವು. ಕ್ಲೌಡ್ ಅಂದರೆ ಮಾಯೆ ಏನಲ್ಲ, ಇನ್ನೊಬ್ಬರ ಕಟ್ಟಡದಲ್ಲಿರುವ ಕಂಪ್ಯೂಟರು, ಬೇಕಾದಷ್ಟೇ ಬಾಡಿಗೆಗೆ ಸಿಗುತ್ತದೆ. ಒಂದು ಭಾನುವಾರ ರಾತ್ರಿ ಎಲ್ಲ ಸಾಗಿಸಿದೆವು. ಬೆಳಿಗ್ಗೆ ಕೆಲವರಿಗೆ ಹೊಸ ತಾಣ ಕಾಣುತ್ತಿತ್ತು, ಕೆಲವರಿಗೆ ಹಳೆಯದೇ ಕಾಣುತ್ತಿತ್ತು. ಫೋನ್ ಮಾಡಿದವರಿಗೆ "ನಿಮ್ಮ ಮೊಬೈಲ್ ನೋಡಿಕೊಳ್ಳಿ" ಅಂದೆವು. ನಾಚಿಕೆಯ ಮಾತು. ಮೊಬೈಲ್ ಸರಿಯಾಗಿಯೇ ಇತ್ತು. ತಾಣದ ಹಳೇ ವಿಳಾಸವನ್ನು ನೆಟ್‌ವರ್ಕ್‌ಗಳು ಎಷ್ಟು ಹೊತ್ತು ನೆನಪಿಟ್ಟುಕೊಳ್ಳಬೇಕು ಅಂತ ಒಂದು ಅವಧಿ ಇರುತ್ತದೆ. ಅದನ್ನು ಎರಡು ದಿನ ಮೊದಲೇ ಐದು ನಿಮಿಷಕ್ಕೆ ಇಳಿಸಿದ್ದರೆ ಈ ಗೊಂದಲದ ಮುಕ್ಕಾಲು ಪಾಲು ಇರುತ್ತಿರಲಿಲ್ಲ.

ಅದಕ್ಕಿಂತ ದೊಡ್ಡ ಹೊಡೆತ ಬಿದ್ದದ್ದು ಕನ್ನಡಕ್ಕೆ. ಹಳೇ ವರದಿಗಳನ್ನು ತೆರೆದರೆ ಬರೀ ಪ್ರಶ್ನಾರ್ಥಕ ಚಿಹ್ನೆ. "ಕೃಷಿ" ಅಂತ ಇದ್ದಲ್ಲಿ ನಾಲ್ಕು ಚಿಹ್ನೆ: ಕ, ಅದರ ಋ ಕಾರ, ಷ, ಅದರ ಗುಡಿಸು, ಒಂದೊಂದಕ್ಕೆ ಒಂದು. ಅಂಕಿಗಳು ಮಾತ್ರ ಹಾಗೇ ಉಳಿದಿದ್ದವು. ಅಡಿಕೆ ಧಾರಣೆಯ ವರದಿಯಲ್ಲಿ ರೇಟು ಇದೆ, ಯಾವ ಊರು, ಯಾವುದು ರಾಶಿ, ಯಾವುದು ಬೆಟ್ಟೆ, ಗೊತ್ತಿಲ್ಲ.

ಕಾರಣ ಹುಡುಕಲು ಮೂರು ದಿನ ಬೇಕಾಯಿತು. ದತ್ತಾಂಶವನ್ನು ಹಳೇ ಸರ್ವರಿನಿಂದ ಹೊರತೆಗೆಯುವಾಗ ಯಾವ ಅಕ್ಷರ ಸಂಕೇತದಲ್ಲಿ ತೆಗೆಯಬೇಕು ಅಂತ ಹೇಳಬೇಕು. ಯೂನಿಕೋಡ್ ಅನ್ನಬೇಕಾದಲ್ಲಿ ಯುರೋಪಿನ ಅಕ್ಷರಗಳಿಗಷ್ಟೇ ಜಾಗವಿರುವ ಹಳೇ ಸಂಕೇತ ಬಿದ್ದಿತ್ತು. ಅದರಲ್ಲಿ ಕನ್ನಡಕ್ಕೆ ಜಾಗವಿಲ್ಲ. ಜಾಗವಿಲ್ಲದ ಪ್ರತಿ ಅಕ್ಷರಕ್ಕೂ ಒಂದು ಪ್ರಶ್ನೆ. ಕನ್ನಡದ ಬದಲು ತಲೆಬುಡವಿಲ್ಲದ ವಿಚಿತ್ರ ಅಕ್ಷರಗಳು ಕಂಡರೆ ಬಹುತೇಕ ತಿರುಗಿಸಿ ಸರಿಮಾಡಬಹುದು, ಒಳಗೆ ಮೂಲ ಇನ್ನೂ ಇರುತ್ತದೆ. ಪ್ರಶ್ನಾರ್ಥಕ ಚಿಹ್ನೆಯಾಗಿ ಉಳಿಸಿಕೊಂಡಿದ್ದರೆ ಮುಗಿಯಿತು, ಹಿಂದೆ ಏನೂ ಇರುವುದಿಲ್ಲ.

ಬ್ಯಾಕಪ್ ಇರಲಿಲ್ಲವೇ? ಇತ್ತು, ಪ್ರತಿ ವಾರದ್ದೂ ಇತ್ತು. ಎಲ್ಲವನ್ನೂ ಅದೇ ತಪ್ಪು ರೀತಿಯಲ್ಲೇ ತೆಗೆದಿದ್ದೆವು, ಒಂದನ್ನಾದರೂ ತೆರೆದು ನೋಡಿರಲಿಲ್ಲ. ಹಳೇ ಸರ್ವರ್ ಇದ್ದಿದ್ದರೆ ಇನ್ನೊಮ್ಮೆ ತೆಗೆಯಬಹುದಿತ್ತು. ತಿಂಗಳ ಬಾಡಿಗೆ ಉಳಿಯಲಿ ಅಂತ ಸೋಮವಾರವೇ ಅದನ್ನು ಬಿಟ್ಟುಕೊಟ್ಟಿದ್ದೆವು.

ದುಡ್ಡಿಲ್ಲದ ಸಣ್ಣ ತಂಡ, ಹೀಗಾಗುತ್ತದೆ ಅಂತ ಯಾರಾದರೂ ಸಮಾಧಾನ ಹೇಳಬಹುದು. ಬ್ರಿಟನ್ನಿನ ಟಿಎಸ್‌ಬಿ ಬ್ಯಾಂಕಿಗೆ ದುಡ್ಡಿನ ಬರ ಇರಲಿಲ್ಲ. 2018ರ ಏಪ್ರಿಲ್‌ನ ಒಂದು ವಾರಾಂತ್ಯ 50 ಲಕ್ಷಕ್ಕೂ ಹೆಚ್ಚು ಗ್ರಾಹಕರ ಲೆಕ್ಕವನ್ನು ಅದು ಹಳೇ ವ್ಯವಸ್ಥೆಯಿಂದ ಹೊಸದಕ್ಕೆ ಒಂದೇ ಏಟಿಗೆ ಸಾಗಿಸಿತು. ಸುಮಾರು 19 ಲಕ್ಷ ಜನ ತಮ್ಮ ಖಾತೆ ತೆರೆಯಲಾಗದೆ ಪರದಾಡಿದರು. ಕೆಲವರಿಗೆ ಬೇರೆಯವರ ಖಾತೆ ಕಂಡಿತು. ಎಲ್ಲ ಸರಿಹೋಗಲು ಡಿಸೆಂಬರ್ ಆಯಿತು. ಹೊಸ ವ್ಯವಸ್ಥೆ ಎರಡು ದತ್ತಾಂಶ ಕೇಂದ್ರಗಳಲ್ಲಿ ಓಡಬೇಕಿತ್ತು, ಎಷ್ಟು ಜನರ ಹೊರೆ ತಡೆಯುತ್ತದೆ ಅನ್ನುವ ಪರೀಕ್ಷೆ ನಡೆದದ್ದು ಒಂದರಲ್ಲಿ ಮಾತ್ರ ಅಂತ ಮುಂದೆ ತನಿಖೆಯಲ್ಲಿ ಗೊತ್ತಾಯಿತು. 2022ರಲ್ಲಿ ನಿಯಂತ್ರಕ ಸಂಸ್ಥೆಗಳು ಬ್ಯಾಂಕಿಗೆ 4.86 ಕೋಟಿ ಪೌಂಡ್ ದಂಡ ಹಾಕಿದವು. 2023ರಲ್ಲಿ ಅದರ ಮಾಹಿತಿ ತಂತ್ರಜ್ಞಾನದ ಮುಖ್ಯಸ್ಥರಾಗಿದ್ದವರಿಗೆ ವೈಯಕ್ತಿಕವಾಗಿ 81,620 ಪೌಂಡ್ ದಂಡ ಬಿತ್ತು. ಅಲ್ಲಿ ಯಾರೂ ಸರ್ವರ್ ಕೈಕೊಟ್ಟಿತು ಅಂತ ಕಡತ ಮುಚ್ಚಲಿಲ್ಲ. ಯಾರು ತೀರ್ಮಾನ ಮಾಡಿದರು ಅಂತ ಕೇಳಿದರು.

ನಮ್ಮ ಕಡೆ ಆ ಪ್ರಶ್ನೆ ಹುಟ್ಟುವುದೇ ಇಲ್ಲ. "ಹೊಸ ತಂತ್ರಾಂಶಕ್ಕೆ ಬದಲಾವಣೆ, ಸೇವೆ ಸ್ಥಗಿತ" ಅಂತ ಬಾಗಿಲಿಗೆ ಚೀಟಿ ಅಂಟಿಸಿದರೆ ಸಾಕು. ಬಸ್ ಚಾರ್ಜು ನಮ್ಮದು, ಕೂಲಿ ನಮ್ಮದು, ಅರ್ಜಿಯ ಕೊನೇ ದಿನ ದಾಟಿದರೆ ಆ ನಷ್ಟವೂ ನಮ್ಮದು. ಕೌಂಟರಿನಲ್ಲಿ ಕೂತ ಹುಡುಗನ ಮೇಲೆ ರೇಗಿ ಪ್ರಯೋಜನವಿಲ್ಲ, ಅವನಿಗೂ ಯಾರೂ ಏನೂ ಹೇಳಿರುವುದಿಲ್ಲ. ಆದರೆ ಅವನ ಮೂಲಕ ಮೇಲಿನವರನ್ನು ಕೇಳಬಹುದು, ಬರವಣಿಗೆಯಲ್ಲಿ ಕೇಳಿದರೆ ಇನ್ನೂ ಒಳ್ಳೆಯದು. ಹೊಸದು ನಿಲ್ಲುವ ತನಕ ಹಳೆಯದನ್ನು ಯಾಕೆ ಇಟ್ಟುಕೊಳ್ಳಲಿಲ್ಲ? ಬ್ಯಾಕಪ್ಪನ್ನು ಕೊನೆಯ ಸಲ ತೆರೆದು ನೋಡಿದ್ದು ಯಾವಾಗ? ಕನ್ನಡದ ಹೆಸರುಗಳು ಸರಿಯಾಗಿ ಬಂದಿವೆಯೇ ಅಂತ ನೋಡಿದವರು ಯಾರು? ಇವತ್ತು ನಾನು ಬಂದಿದ್ದೆ, ಕೆಲಸ ಆಗಲಿಲ್ಲ ಅಂತ ಒಂದು ಚೀಟಿ ಬರೆದು ಸೀಲು ಹಾಕಿ ಕೊಡುತ್ತೀರಾ? ಈ ಕೊನೆಯದನ್ನು ಮಾತ್ರ ಬಿಡಬೇಡಿ. ಗಡುವು ದಾಟಿದಾಗ ಕೈಯಲ್ಲಿ ಹಿಡಿಯಲು ಅದೊಂದಾದರೂ ಇರುತ್ತದೆ.

ನಮ್ಮ ವರದಿಗಳಲ್ಲಿ ಸುಮಾರು ಅರ್ಧ ಇಂಟರ್ನೆಟ್ ಆರ್ಕೈವ್‌ನಲ್ಲಿ ಸಿಕ್ಕವು. ಇನ್ನಷ್ಟು ಸಿಕ್ಕಿದ್ದು ನಿಮ್ಮ ಫೋನುಗಳಲ್ಲಿ, ಪೂರ್ತಿ ನಕಲು ಮಾಡಿ ಗುಂಪುಗಳಿಗೆ ಕಳಿಸಿದವರಿಂದ. ಹಾಗೆ ನಕಲು ಮಾಡಬೇಡಿ, ಲಿಂಕ್ ಕಳಿಸಿ ಅಂತ ನಿಮ್ಮ ಮೇಲೆ ಸಿಡುಕುತ್ತಿದ್ದವರೂ ನಾವೇ. ಕೆರೆ ಒತ್ತುವರಿಯ ಸರಣಿಯ ಮೂರನೇ ಭಾಗ ಇನ್ನೂ ಸಿಕ್ಕಿಲ್ಲ. ಯಾರ ಹಳೇ ಚಾಟಿನಲ್ಲಾದರೂ ಇದ್ದರೆ ಕಳಿಸಿಕೊಡಿ.