ಇಸಬಗೋಲು ಜೋರಾಗಿ, ಆ ಗುಳಿಗೆ ಮೆಲ್ಲಗೆ

ಬೈಲಹೊಂಗಲದಲ್ಲಿ ಔಷಧ ಅಂಗಡಿ ಇಟ್ಟವನಿಗೆ ಊರ ಹಿರಿಯರ ಹೊಟ್ಟೆಯ ಕಥೆ ಪೂರಾ ಗೊತ್ತಿರುತ್ತದೆ. “ಮೂರು ದಿನಾ ಆತ್ರಿ, ಹೊಟ್ಟಿ ಸಾಫ್ ಆಗವಲ್ದು, ಏನರ ಕೊಡ್ರಿ” ಎಂದು ಅಂಗಡಿ ತುಂಬ ಜನ ಇದ್ದಾಗಲೇ ಕೇಳುತ್ತಾರೆ. ಇಸಬಗೋಲೋ ತ್ರಿಫಲಾ ಚೂರ್ಣವೋ ಕೈಗೆ ಬಂದ ಮೇಲೂ ಕೆಲವರು ಹೋಗುವುದಿಲ್ಲ. ಗಿರಾಕಿ ಕರಗಲಿ ಎಂದು ಕಾಯುತ್ತಾರೆ. ಆಮೇಲೆ ಕೌಂಟರಿನತ್ತ ಬಾಗಿ, “ಮತ್ತ... ಆ ಗುಳಿಗಿ ಐತೇನ್ರಿ?”

ಚೀಟಿ ಕೇಳಿದರೆ ಮುಖ ಸಪ್ಪಗಾಗುತ್ತದೆ. ಡಾಕ್ಟರ ಮುಂದೆ ಬಿಪಿ, ಶುಗರ್ ಎಲ್ಲ ಮಾತಾಡಿದವರು ಇದನ್ನು ಹೇಳಿರುವುದಿಲ್ಲ. ಡಾಕ್ಟರೂ ಕೇಳಿರುವುದಿಲ್ಲ.

ಹೊಟ್ಟೆ ಕಟ್ಟುವುದು, ನಿಮಿರದಿರುವುದು, ಈ ಎರಡು ತಕರಾರುಗಳನ್ನು ಜೋಡಿಸಿ ನೋಡಬೇಕು ಎನ್ನುವುದು ನನ್ನ ವಾದ. ಸೊಂಟದ ತಳದಲ್ಲಿ, ತ್ರಿಕಾಸ್ಥಿಯ ಎರಡು, ಮೂರು, ನಾಲ್ಕನೆಯ ನರಗಳೇ ಮಲಾಶಯ, ಮೂತ್ರಕೋಶ, ಜನನಾಂಗ ಮೂರಕ್ಕೂ ಹೋಗುತ್ತವೆ. ಒಂದೇ ಟಿಸಿ ಮೇಲೆ ಮೂರು ಪಂಪ್‌ಸೆಟ್ಟು. ಹಳೆಯ ಸಕ್ಕರೆ ಕಾಯಿಲೆ ಈ ನರಗಳನ್ನು ಸವೆಸಿದರೆ ಹೊಟ್ಟೆಯೂ ಕಟ್ಟುತ್ತದೆ, ನಿಮಿರುವುದೂ ಕಷ್ಟವಾಗುತ್ತದೆ. ಪಾರ್ಕಿನ್ಸನ್ ಕಾಯಿಲೆಯಲ್ಲಂತೂ ಕೈ ನಡುಗುವುದಕ್ಕೆ ವರ್ಷಗಳ ಮೊದಲೇ ಮಲಬದ್ಧತೆ ಬಂದಿರಬಹುದು. ಆಯುರ್ವೇದದವರು ಮಲ, ಮೂತ್ರ, ಶುಕ್ರ ಮೂರನ್ನೂ ಒಂದೇ ಅಪಾನವಾಯುವಿನ ಪಾಲಿಗೆ ಹಚ್ಚಿದ್ದರು. ಕಾರಣ ಬೇರೆ ಕೊಟ್ಟರೂ ನೋಟ ಚುರುಕಾಗಿತ್ತು.

ಇನ್ನು ನಾವು ಮಾರುವ ಗುಳಿಗೆಗಳು. ನರನೋವಿಗೆ ಬರೆಯುವ ಅಮಿಟ್ರಿಪ್ಟಿಲಿನ್, ಮೈಕೈ ನೋವಿನ ಟ್ರಮಡಾಲ್ ಎರಡು ಕಡೆಯೂ ತೊಂದರೆ ಕೊಡಬಲ್ಲವು. ಪ್ರಾಸ್ಟೇಟ್ ಉಬ್ಬಿದವರು ರಾತ್ರಿ ಏಳಬೇಕಾಗುತ್ತದೆಂದು ಸಂಜೆಗೇ ನೀರು ಬಿಡುತ್ತಾರೆ. ಹೊಟ್ಟೆ ಕಟ್ಟಿ ಮರುದಿನ ನನ್ನ ಅಂಗಡಿ. ಹಾಗಂತ ಹೊಟ್ಟೆ ಸಾಫಾದರೆ ಗಂಡಸ್ತನ ಮರಳುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಇಂಥ ಶಕ್ತಿಯ ಭರವಸೆ ಕೊಡುವ ಜಾಹೀರಾತನ್ನು 1954ರ ಕಾಯ್ದೆಯೇ ನಿಷೇಧಿಸಿದೆ. ಬಸ್ ನಿಲ್ದಾಣದ ಗೋಡೆಗಳಿಗೆ ಇನ್ನೂ ಆ ಸುದ್ದಿ ಮುಟ್ಟಿಲ್ಲ.

ಚೀಟಿ ಇಲ್ಲದೆ ಆ ಗುಳಿಗೆ, ಅಂದರೆ ಸಿಲ್ಡೆನಾಫಿಲ್, ಕೊಡಲಾರೆ ಎಂದರೆ ಕೆಲವರಿಗೆ ಸಿಟ್ಟು. ಎದೆನೋವಿಗೆ ನಾಲಿಗೆ ಕೆಳಗಿಡುವ ನೈಟ್ರೇಟ್ ಗುಳಿಗೆ ತೆಗೆದುಕೊಳ್ಳುವವರು ಇದನ್ನೂ ನುಂಗಿದರೆ ಬಿಪಿ ಕುಸಿದು ಜೀವಕ್ಕೇ ಕುತ್ತು ಬರಬಹುದು. ಇನ್ನೊಂದು ಮಾತು, ಶಿಶ್ನದ ರಕ್ತನಾಳ ಹೃದಯದ ನಾಳಕ್ಕಿಂತ ಸಣ್ಣದು. ಅದಕ್ಕೇ ನಾಳ ಕಟ್ಟಿಕೊಳ್ಳುವ ಸೂಚನೆ ಎಷ್ಟೋ ಸಲ ಎದೆನೋವಿಗಿಂತ ಮೊದಲು ಅಲ್ಲಿ ಕಾಣುತ್ತದೆ. ಅದನ್ನು ಗುಳಿಗೆಯಿಂದ ಮುಚ್ಚಿಟ್ಟರೆ ಹೃದಯದ ತಪಾಸಣೆ ತಪ್ಪಿಹೋಗುತ್ತದೆ.

ಸರಕಾರಿ ಆಸ್ಪತ್ರೆಯಲ್ಲಿ ಬಿಪಿ, ಶುಗರ್ ನೋಡುವಾಗ ವಯಸ್ಸಾದ ಗಂಡಸರಿಗೆ ಇನ್ನೆರಡು ಪ್ರಶ್ನೆ ಕೇಳಲಿ: ಸಂಡಾಸು ಸರಿ ಆಗುತ್ತದೆಯೇ, ಹೆಂಡತಿಯ ಹತ್ತಿರ ಹೇಗಿದ್ದೀರಿ. ಕೇಳುವವರು ಗಂಡಸರಾಗಿರಲಿ, ಮೊಮ್ಮಗಳ ವಯಸ್ಸಿನ ಆಶಾ ಕಾರ್ಯಕರ್ತೆಯ ಮುಂದೆ ನಮ್ಮ ಮುತ್ಯಾಗಳು ಬಾಯಿ ಬಿಡುವುದಿಲ್ಲ. ಮುತ್ಯಾಗಳೂ ಒಂದು ಮಾಡಬೇಕು. ಡಾಕ್ಟರ ಹತ್ತಿರ ಹೋಗುವಾಗ ಮನೆಯಲ್ಲಿನ ಎಲ್ಲ ಗುಳಿಗೆ ಚೀಲಕ್ಕೆ ಹಾಕಿಕೊಳ್ಳಿ, ಇಸಬಗೋಲಿನ ಡಬ್ಬಿಯನ್ನೂ, ಅಂಗಿ ಕಿಸೆಯಲ್ಲಿ ಬಚ್ಚಿಟ್ಟಿದ್ದನ್ನೂ.