ಗೋದಾವರಿ ದಂಡೆಯ ನಾಲ್ಕು ಮೊಟ್ಟೆ

ನಾಸಿಕ್‌ಗೆ ಬಂದ ಮೊದಲ ವರ್ಷ ಇಲ್ಲಿನ ವಸಂತ ನನಗೆ ಗೊತ್ತಾಗಲೇ ಇಲ್ಲ. ಫೆಬ್ರುವರಿಯ ಚಳಿ ಮುಗಿಯಿತು, ಒಂದು ರಾತ್ರಿ ಫ್ಯಾನ್ ಹಾಕಿದೆವು, ಅಷ್ಟೇ. ಊರಲ್ಲಾಗಿದ್ದರೆ ಮಾವು ಹೂಬಿಟ್ಟಿತು, ಕೋಗಿಲೆ ಕೂಗಿತು ಎಂದು ಅಜ್ಜಿಯಾದರೂ ನೆನಪಿಸುತ್ತಿದ್ದಳು. ಇಲ್ಲಿ ಆ ಕೆಲಸ ಮಾಡಿದ್ದು ನಂದೂರ್ ಮಧಮೇಶ್ವರ.

ನಾಸಿಕ್‌ನಿಂದ ಒಂದೂವರೆ ಗಂಟೆಯ ದಾರಿ. ನಿಫಾಡ್ ತಾಲ್ಲೂಕಿನಲ್ಲಿ ಗೋದಾವರಿಯನ್ನು ಕಾದವಾ ನದಿ ಸೇರುವಲ್ಲಿ ಬ್ರಿಟಿಷರ ಕಾಲದ ಒಡ್ಡು ಇದೆ. ಅದರ ಹಿಂದೆ ಇಷ್ಟು ವರ್ಷ ಹೂಳು ತುಂಬಿ, ತೆಳು ನೀರು, ನಡುಗಡ್ಡೆ, ಜೊಂಡು ಎಲ್ಲ ಆಗಿವೆ. ಎಂಜಿನಿಯರುಗಳಿಗೆ ತಲೆನೋವಾದ ಹೂಳೇ ಹಕ್ಕಿಗಳಿಗೆ ಊಟದ ಎಲೆ. 2020ರ ಜನವರಿಯಲ್ಲಿ ಇದು ಮಹಾರಾಷ್ಟ್ರದ ಮೊದಲ ರಾಮ್ಸರ್ ತಾಣವೆಂದು ಘೋಷಣೆಯಾಯಿತು. ಕವಿರಾಜಮಾರ್ಗ ಕನ್ನಡನಾಡಿನ ಬಡಗಣ ಗಡಿಯೆಂದು ಹೇಳಿದ ನದಿ ಇದೇ ಅಲ್ಲವೇ? ಹಾಗಾಗಿ ಅಲ್ಲಿ ನಿಂತಾಗ ತೀರಾ ಪರಊರು ಅನ್ನಿಸುವುದಿಲ್ಲ.

ನಾವು ಓದಿದ ಪಾಠಗಳಲ್ಲಿ ವಸಂತವೆಂದರೆ ಹಕ್ಕಿಗಳು ಬರುವ ಕಾಲ. ಗೋದಾವರಿಯಲ್ಲಿ ಮೊದಲು ಕಾಣುವುದು ಹೊರಡುವವರ ಗಡಿಬಿಡಿ. ಫೆಬ್ರುವರಿ ನಡುವಿಗೆ ಸೂಜಿಬಾಲದ ಬಾತುಗಳ ಹಿಂಡು ವಾರದಿಂದ ವಾರಕ್ಕೆ ಕರಗುತ್ತದೆ. ನಮ್ಮ ಹಳಗನ್ನಡ ಕವಿಗಳು ಇರುಳಾದರೆ ಅಗಲಿಸಿ ಅಳಿಸುತ್ತಿದ್ದ ಜಕ್ಕವಕ್ಕಿಗಳು ಜೋಡಿಯಾಗಿಯೇ ಲಡಾಖ್, ಟಿಬೆಟ್‌ನ ಕಡೆ ಮುಖ ಮಾಡುತ್ತವೆ. ಕೆಳಗೆ ಛತ್ರಪತಿ ಸಂಭಾಜಿನಗರ ಜಿಲ್ಲೆಯ ಪೈಠಣದ ನಾಥಸಾಗರದಲ್ಲೂ, ನಮ್ಮ ಗದಗ ಜಿಲ್ಲೆಯ ಮಾಗಡಿ ಕೆರೆಯಲ್ಲೂ ಚಳಿಗಾಲ ಕಳೆಯುವ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಲು ಹೊರಡುತ್ತವೆ. ಬೆನ್ನಿಗೆ ಕಟ್ಟಿದ ಯಂತ್ರಗಳು ಅವು 7,000 ಮೀಟರಿಗೂ ಮೇಲೆ ಹಾರಿದ್ದನ್ನು ದಾಖಲಿಸಿವೆ.

ಉಳಿಯುವವರ ಗುರುತುಗಳು ಇನ್ನೂ ಸಣ್ಣವು. ಎಲೆ ಉದುರಿಸಿದ ಮುತ್ತುಗದ ಮರ ಕೆಂಪಾಗುತ್ತದೆ, ಅದರ ತುಂಬ ಗುಲಾಬಿ ಕಬ್ಬಕ್ಕಿಗಳ ಜಗಳ. ಮರಾಠಿಯಲ್ಲಿ ಮುತ್ತುಗ ಪಳಸ, ಈ ಹಕ್ಕಿ ‘ಪಳಸಮೈನಾ’. ಕಂಚುಗಾರ ಹಕ್ಕಿ ಬೆಳಿಗ್ಗೆಯಿಂದಲೇ ಟುಕ್ ಟುಕ್ ಶುರುಮಾಡುತ್ತದೆ. ಚಳಿಗಾಲದಲ್ಲಿ ಮಾಸಿದ್ದ ನದಿ ರೀವದ ನೆತ್ತಿ ಮತ್ತೆ ಪೂರ್ತಿ ಕಪ್ಪಾಗುತ್ತದೆ, ಕೊಕ್ಕು ಹಳದಿ ಏರುತ್ತದೆ. ಲಕ್ಕವಳ್ಳಿಗೆ ಹೋದವರು ಭದ್ರಾ ಜಲಾಶಯದ ನಡುಗಡ್ಡೆಗಳಲ್ಲಿ ಇವು ಸಾವಿರಗಟ್ಟಲೆ ಮೊಟ್ಟೆಯಿಡುವುದನ್ನು ನೋಡಿರುತ್ತೀರಿ. ನೀರು ಇಳಿದರೆ ನೆಲ ತೇಲುತ್ತದೆ, ನೆಲ ತೇಲಿದರೆ ಗೂಡು. ನಾಥಸಾಗರದಲ್ಲಿ ರೈತರದೂ ಇದೇ ಲೆಕ್ಕ. ನೀರು ಸರಿದ ಮೆಕ್ಕಲಿನಲ್ಲಿ ಬಿತ್ತುತ್ತಾರೆ, ಅದಕ್ಕೆ ‘ಗಾಳಪೇರಾ’ ಅನ್ನುತ್ತಾರೆ.

ಈ ಲೆಕ್ಕ ಎಷ್ಟು ನಾಜೂಕಿನದೆಂದು ತಿಳಿದದ್ದು ಕಳೆದ ಮಾರ್ಚ್‌ನ ಮೊದಲ ಶನಿವಾರ. ಬೈನಾಕ್ಯುಲರ್‌ನಲ್ಲಿ ಕಣ್ಣಿಟ್ಟು ಒಣಗಿದ ದಂಡೆಯ ಮೇಲೆ ಹೆಜ್ಜೆ ಹಾಕುತ್ತಿದ್ದೆ. ಜೊತೆಗಿದ್ದ ಚಾಪಡಗಾಂವದ ಹುಡುಗ ತೋಳು ಹಿಡಿದೆಳೆದ. “ದಾದಾ, ಪಾಯಾಖಾಲೀ ಬಘಾ!” ಕಾಲಡಿ ನೋಡಿದೆ. ಇನ್ನೊಂದು ಹೆಜ್ಜೆಯಷ್ಟು ದೂರದಲ್ಲಿ, ಬೆಣಚುಕಲ್ಲುಗಳ ನಡುವೆ ಕಲ್ಲಿನದೇ ಬಣ್ಣದ ನಾಲ್ಕು ಮೊಟ್ಟೆ. ತಲೆಯ ಮೇಲೆ ಟಿಟ್ಟಿಭ ಕಿರುಚುತ್ತಲೇ ಇತ್ತು, ನಾನು ಕೇಳಿಸಿಕೊಂಡಿರಲಿಲ್ಲ. ನಾಲ್ಕು ಮೊಟ್ಟೆಯೆಂದರೆ ನಾಲ್ಕು ತಿಂಗಳು ಮಳೆ ಎಂದು ಹುಡುಗ ನಕ್ಕ. ಅವರಪ್ಪ ಹೇಳುವ ಮಾತಂತೆ.

ಮರಿ ಹೊರಬರಲು ಸುಮಾರು ನಾಲ್ಕು ವಾರ ಬೇಕು. ಎರಡು ವಾರ ಬಿಟ್ಟು ಹೋದಾಗ ಅಲ್ಲಿ ದಂಡೆಯೇ ಇರಲಿಲ್ಲ. ಮೇಲಿನ ಅಣೆಕಟ್ಟುಗಳಿಂದ ‘ಆವರ್ತನ’ ಬಿಟ್ಟಿದ್ದರು, ಅಂದರೆ ಬೇಸಗೆ ಬೆಳೆಗೆ ಸರದಿಯ ನೀರು. ಒಡ್ಡಿನಲ್ಲಿ ತುಂಬಿದ ನೀರು ಕಾಲುವೆ ಹಿಡಿದು ಸಂಭಾಜಿನಗರ ಜಿಲ್ಲೆಯ ವೈಜಾಪುರ, ಗಂಗಾಪುರದವರೆಗೂ ಹೋಗುತ್ತದೆ. ಅಲ್ಲಿ ಆ ನೀರಿಗೆ ಕಾದವರಿದ್ದಾರೆ. ಯಾರನ್ನು ಬೈಯಲಿ? ಪಂಚತಂತ್ರದ ಟಿಟ್ಟಿಭದ ಮೊಟ್ಟೆಗಳನ್ನು ಸಮುದ್ರ ನುಂಗಿದಾಗ ಹಕ್ಕಿಗಳೆಲ್ಲ ಗರುಡನ ಬಳಿ ಹೋದವು, ವಿಷ್ಣು ಗದರಿಸಿದ, ಸಮುದ್ರ ಮೊಟ್ಟೆಗಳನ್ನು ಹಿಂದಿರುಗಿಸಿತು. ಇಲ್ಲಿ ನದಿಯನ್ನು ಗದರಿಸಿ ಏನು ಫಲ? ಏರಿಳಿತದ ಕೀಲಿ ಅದರ ಕೈಯಲ್ಲಿಲ್ಲ.

ಅವತ್ತಿನಿಂದ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಮೊದಲ ಕೋಗಿಲೆ ಯಾವತ್ತು, ಕೊನೆಯ ಬಾತು ಯಾವತ್ತು, ದಂಡೆ ತೇಲಿದ್ದು ಯಾವತ್ತು, ಮುಳುಗಿದ್ದು ಯಾವತ್ತು. ಇಂಥ ತಾರೀಕುಗಳು ಹತ್ತು ವರ್ಷ, ಹತ್ತು ಜನರ ಕೈಯಲ್ಲಿ ಕೂಡಿದರೆ, ನೀರು ಬಿಡುವವರ ಮುಂದೆ ಇಟ್ಟು ‘ಈ ಎರಡು ವಾರ ಸ್ವಲ್ಪ ನೋಡಿ’ ಎಂದು ಕೇಳಬಹುದು. ನೀವು ಮುಂಬೈ, ಪುಣೆ, ಬೆಂಗಳೂರು ಎಲ್ಲೇ ಇರಿ, ಟೆರೇಸಿಗೆ ಹೋದರೆ ಕಂಚುಗಾರನ ಟುಕ್ ಟುಕ್ ಕೇಳೇ ಕೇಳುತ್ತದೆ. ಬರೆದಿಡಿ. ಹಕ್ಕಿಗಳಿಗೆ ಈ-ಬರ್ಡ್ ಇದೆ, ಮರಗಳ ಹೂವು, ಚಿಗುರಿಗೆ ಸೀಸನ್‌ವಾಚ್ ಇದೆ.

ಏಪ್ರಿಲ್‌ನಲ್ಲಿ ಮತ್ತೆ ಹೋಗಿದ್ದೆ. ಬಾತುಗಳು ಖಾಲಿ, ನಿಫಾಡ್‌ನ ದ್ರಾಕ್ಷಿ ಕೊಯ್ಲೂ ಮುಗಿದಿತ್ತು. ಮೊದಲ ಗೂಡು ಹೋದರೆ ಟಿಟ್ಟಿಭ ಮತ್ತೆ ಮೊಟ್ಟೆಯಿಡುವುದುಂಟು ಎಂದು ಓದಿದ್ದೆ. ಈ ಸಲ ಕಿರುಚಾಟ ಕೇಳಿದ್ದು ಇನ್ನೂ ಮೇಲಿನ ದಂಡೆಯಿಂದ. ಎಷ್ಟು ಮೊಟ್ಟೆ ಎಂದು ನೋಡಲು ಹೋಗಲಿಲ್ಲ. ತಾರೀಕು ಬರೆದುಕೊಂಡು, ಬಂದ ದಾರಿಯಲ್ಲೇ ಹಿಂದಿರುಗಿದೆ.